ಕಲ್ಲಿನೊಳಗಿನ ಬೆರಕೆಯ ಬೆಳಕು: ಕ್ಯಾಥೋಡ್ ದೀಪ್ತಿ ಮತ್ತು ಕೃಷ್ಣಾ ತೀರದ ಶಿಲೆಗಳು

ವೇಗವಾಗಿ ಧಾವಿಸುವ ಇಲೆಕ್ಟ್ರಾನುಗಳು ಘನವಸ್ತುವೊಂದಕ್ಕೆ ಬಂದು ಬಡಿದಾಗ, ಆ ವಸ್ತು ಕೆಂಪಗೆ ಕಾಯದೆ, ಉರಿಯದೆ, ತನ್ನದೇ ಆದ ಬಣ್ಣದಲ್ಲಿ ಬೆಳಗುವ ವಿದ್ಯಮಾನಕ್ಕೆ ಕ್ಯಾಥೋಡ್ ದೀಪ್ತಿ ಎಂದು ಹೆಸರು. ನಿರ್ವಾತ ಕೊಳವೆಯೊಳಗಿನ ಋಣಾಗ್ರವಾದ ಕ್ಯಾಥೋಡಿನಿಂದ ಇಲೆಕ್ಟ್ರಾನುಗಳು ಹೊರಡುವುದರಿಂದ ಈ ಹೆಸರು ಬಂದಿದೆ. ಗಾಜಿನ ಚಿತ್ರನಳಿಗೆಯ ಟಿ.ವಿ. ಇದ್ದ ಕಾಲದಲ್ಲಿ ಮನೆಮನೆಗಳಲ್ಲಿ ಜನ ನೋಡಿದ ಸುದ್ದಿ, ಸಿನಿಮಾ, ಕ್ರಿಕೆಟ್ ಎಲ್ಲವೂ ಕಣ್ಣಿಗೆ ತಲುಪಿದ್ದು ಈ ಬೆಳಕಿನ ರೂಪದಲ್ಲಿಯೇ. ಆ ನಳಿಗೆಗಳು ಈಗ ಗುಜರಿ ಸೇರಿದ್ದರೂ, ಅದೇ ವಿದ್ಯಮಾನ ಭೂವಿಜ್ಞಾನಿಯ ಸೂಕ್ಷ್ಮದರ್ಶಕದ ಅಡಿಯಲ್ಲಿ ಕಲ್ಲುಗಳ ಹುಟ್ಟು ಬೆಳವಣಿಗೆಯನ್ನು ತಿಳಿಸಿಕೊಡುವ ಸಾಧನವಾಗಿ ಉಳಿದುಕೊಂಡಿದೆ.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ನೆಲವನ್ನು ಕಣ್ಣೆದುರಿಗಿಟ್ಟುಕೊಂಡು ಈ ವಿದ್ಯಮಾನವನ್ನು ವಿವರಿಸುವುದು ಪ್ರಸ್ತುತ ಉಪನ್ಯಾಸದ ಉದ್ದೇಶ. ಅದರ ಪ್ರತಿಪಾದನೆ ಇಷ್ಟು: ಘನವಸ್ತು ಸೂಸುವ ಬೆಳಕು ಬಹುಮಟ್ಟಿಗೆ ಅದರಲ್ಲಿ ಬೆರೆತ ಅತ್ಯಲ್ಪ ಅನ್ಯ ಪರಮಾಣುಗಳಿಂದ ಮತ್ತು ಅದರ ರಚನೆಯ ಲೋಪಗಳಿಂದ ಬರುತ್ತದೆ, ಈ ಬೆರಕೆಯೂ ಲೋಪವೂ ವಸ್ತು ಹುಟ್ಟಿದ ಸನ್ನಿವೇಶದ ಗುರುತುಗಳಾಗಿರುವುದರಿಂದ, ಬೆಳಕನ್ನು ಓದಬಲ್ಲವನಿಗೆ ಕಲ್ಲಿನ ಚರಿತ್ರೆಯನ್ನೂ ಓದುವುದು ಸಾಧ್ಯವಾಗುತ್ತದೆ.

ಬೆಳಕು ಹುಟ್ಟುವ ಬಗೆ

ಸ್ಫಟಿಕರೂಪದ ಘನವಸ್ತುವಿನಲ್ಲಿ ಇಲೆಕ್ಟ್ರಾನುಗಳು ತಮಗೆ ಬೇಕಾದ ಯಾವ ಶಕ್ತಿಯಲ್ಲಾದರೂ ಇರುವಂತಿಲ್ಲ. ಪರಮಾಣುಗಳನ್ನು ಒಂದಕ್ಕೊಂದು ಬೆಸೆದಿರುವ ಇಲೆಕ್ಟ್ರಾನುಗಳು ಕೆಳಗಿನ ಶಕ್ತಿಪಟ್ಟಿಯಲ್ಲಿ ತುಂಬಿಕೊಂಡಿದ್ದರೆ, ಅದರ ಮೇಲೆ, ಇಲೆಕ್ಟ್ರಾನು ನಿಲ್ಲಲಾಗದ ಒಂದು ಅಂತರವನ್ನು ದಾಟಿದ ಮೇಲೆ, ಹೆಚ್ಚುಕಡಿಮೆ ಖಾಲಿಯಾದ ವಹನಪಟ್ಟಿ ಇರುತ್ತದೆ. ಹೊರಗಿನಿಂದ ನುಗ್ಗಿದ ಇಲೆಕ್ಟ್ರಾನು ಒಳಗಿನ ಇಲೆಕ್ಟ್ರಾನನ್ನು ಕೆಳಪಟ್ಟಿಯಿಂದ ಮೇಲಕ್ಕೆ ಎಬ್ಬಿಸಿದಾಗ, ಅದು ಬಿಟ್ಟುಹೋದ ಜಾಗದಲ್ಲಿ ಒಂದು ಕೊರತೆ ಉಳಿಯುತ್ತದೆ. ಧನವಿದ್ಯುದಂಶದ ಕಣದಂತೆಯೇ ವರ್ತಿಸುವ ಈ ಕೊರತೆಯನ್ನು ರಂಧ್ರ ಎನ್ನುತ್ತಾರೆ. ಮೇಲೇರಿದ ಇಲೆಕ್ಟ್ರಾನು ಮತ್ತೆ ರಂಧ್ರವನ್ನು ಸೇರುವಾಗ ಬಿಟ್ಟುಕೊಡುವ ಶಕ್ತಿಯ ಒಂದು ಪಾಲು ಬೆಳಕಾಗಿ ಹೊರಬರುತ್ತದೆ.

ಅಟ್ಟದಿಂದ ನೆಲಕ್ಕೆ ಇಳಿಯುವವನಿಗೆ ನಡುವೆ ಮೆಟ್ಟಿಲಿದ್ದರೆ ಅವನು ಎಲ್ಲಿ ನಿಂತು ಎಷ್ಟು ಇಳಿಯುತ್ತಾನೆ ಎಂಬುದು ಮೆಟ್ಟಿಲಿನ ಎತ್ತರದ ಮೇಲೆ ನಿಂತಿರುವಂತೆ, ಸ್ಫಟಿಕದಲ್ಲಿಯೂ ಅನ್ಯ ಪರಮಾಣುಗಳು ನಡುವಿನ ಅಂತರದಲ್ಲಿ ಮೆಟ್ಟಿಲುಗಳನ್ನು ಒದಗಿಸುತ್ತವೆ, ಮತ್ತು ಹೊರಬರುವ ಬೆಳಕಿನ ಬಣ್ಣ ಆ ಮೆಟ್ಟಿಲುಗಳಿಗೆ ತಕ್ಕಂತೆ ನಿರ್ಧಾರವಾಗುತ್ತದೆ. ಹೀಗೆ ಬೆಳಕನ್ನು ಎಬ್ಬಿಸುವ ಅನ್ಯ ಪರಮಾಣುವನ್ನು ಚೇತಕ ಎಂದೂ, ಶಕ್ತಿಯನ್ನು ತಾನು ಎಳೆದುಕೊಂಡು ಶಾಖವಾಗಿ ಕಳೆದುಬಿಡುವ ಪರಮಾಣುವನ್ನು ಶಾಮಕ ಎಂದೂ ಕರೆಯಬಹುದು. ಖನಿಜಗಳ ಪ್ರಪಂಚದಲ್ಲಿ ಚೇತಕಗಳ ಪೈಕಿ ಮ್ಯಾಂಗನೀಸ್ ಮುಖ್ಯವಾದದ್ದು, ಶಾಮಕಗಳ ಪೈಕಿ ಕಬ್ಬಿಣ ಮುಖ್ಯವಾದದ್ದು. ಈ ಎರಡು ಲೋಹಗಳ ಪೈಪೋಟಿಯೇ ಮುಂದೆ ಹೇಳುವ ಕಥೆಯ ಬಹುಭಾಗವನ್ನು ನಿರ್ಧರಿಸುತ್ತದೆ.

ಇಲೆಕ್ಟ್ರಾನು ಕಿರಣದ ವಿಶೇಷ ಸಾಮರ್ಥ್ಯವಿರುವುದು ಅದರ ಶಕ್ತಿಯಲ್ಲಿ. ನೇರಳಾತೀತ ಬೆಳಕಿನ ಒಂದು ಕಣ ಸಾಮಾನ್ಯವಾಗಿ ಒಂದೇ ಇಲೆಕ್ಟ್ರಾನನ್ನು ಎಬ್ಬಿಸಿ ಮುಗಿದುಹೋದರೆ, 20,000 ವೋಲ್ಟ್ ಒತ್ತಡದಲ್ಲಿ ವೇಗ ಪಡೆದ ಒಂದು ಇಲೆಕ್ಟ್ರಾನು ಘನವಸ್ತುವಿನೊಳಗೆ ಕೆಲವು ಮೈಕ್ರಾನುಗಳಷ್ಟು ಆಳಕ್ಕೆ ಇಳಿಯುವ ಹಾದಿಯಲ್ಲಿ ಸಾವಿರಕ್ಕೂ ಹೆಚ್ಚು ಇಲೆಕ್ಟ್ರಾನು–ರಂಧ್ರ ಜೋಡಿಗಳನ್ನು ಹುಟ್ಟಿಸುತ್ತದೆ. ಒಂದು ಜೋಡಿಗೆ ಪಟ್ಟಿ ಅಂತರದ ಸುಮಾರು ಮೂರರಷ್ಟು ಶಕ್ತಿ ಬೇಕಾಗುವುದರಿಂದ, 3.7 ಇಲೆಕ್ಟ್ರಾನ್ ವೋಲ್ಟ್ ಅಂತರವಿರುವ ಸತುವಿನ ಸಲ್ಫೈಡಿನಲ್ಲಿ ಈ ಸಂಖ್ಯೆ 1,800ರ ಆಸುಪಾಸಿಗೆ ಬರುತ್ತದೆ. ಇತರ ವಿಧಾನಗಳಿಗೆ ಮಂಕಾಗಿಯೇ ಉಳಿಯುವ ಎಷ್ಟೋ ಖನಿಜಗಳು ಇಲೆಕ್ಟ್ರಾನು ಕಿರಣಕ್ಕೆ ಬೆಳಗುವುದು ಈ ಕಾರಣದಿಂದ.

ಉಗಾರ ಖುರ್ದ, ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದ ಸಕ್ಕರೆ ಸೀಮೆಯಲ್ಲಿ ಈ ವಿದ್ಯಮಾನದ ಹತ್ತಿರದ ಸಂಬಂಧಿಯೊಂದನ್ನು ಯಾವ ಉಪಕರಣವೂ ಇಲ್ಲದೆ ನೋಡಬಹುದು. ಕಿಟಕಿ ಬಾಗಿಲು ಮುಚ್ಚಿದ ಕತ್ತಲೆಯ ಕೋಣೆಯಲ್ಲಿ ಹತ್ತು ಹದಿನೈದು ನಿಮಿಷ ಕುಳಿತು ಕಣ್ಣನ್ನು ಕತ್ತಲಿಗೆ ಒಗ್ಗಿಸಿಕೊಂಡ ಮೇಲೆ, ಒಣಗಿದ ಕಲ್ಲುಸಕ್ಕರೆಯ ಹರಳನ್ನು ಇಕ್ಕಳದಿಂದ ಅಮುಕಿ ಒಡೆದರೆ, ಹರಳು ಬಿರಿಯುವ ಕ್ಷಣದಲ್ಲಿ ಮಸಕಾದ ನೀಲಿ ಮಿಂಚೊಂದು ಕಾಣಿಸುತ್ತದೆ. ಸಕ್ಕರೆಯನ್ನು ಚಾಕುವಿನಿಂದ ಕೆರೆದಾಗ ಬೆಳಕು ಬರುವುದನ್ನು ಫ್ರಾನ್ಸಿಸ್ ಬೇಕನ್ 1620ರ ತನ್ನ ಗ್ರಂಥದಲ್ಲಿಯೇ ದಾಖಲಿಸಿದ್ದನು. ಒಡೆದ ಮುಖಗಳ ನಡುವೆ ವಿದ್ಯುದಂಶ ಬೇರ್ಪಟ್ಟು, ಅಲ್ಲಿ ಹಾಯುವ ಇಲೆಕ್ಟ್ರಾನುಗಳು ಗಾಳಿಯ ಸಾರಜನಕವನ್ನು ಬೆಳಗಿಸುವುದರಿಂದ ಈ ಮಿಂಚು ಹುಟ್ಟುತ್ತದೆ. ಸಕ್ಕರೆಯ ಪ್ರಸಂಗದಲ್ಲಿ ಬೆಳಗುವುದು ಅನಿಲ, ಕ್ಯಾಥೋಡ್ ದೀಪ್ತಿಯಲ್ಲಿ ಬೆಳಗುವುದು ಘನವಸ್ತು. ಇಲೆಕ್ಟ್ರಾನು ಬಡಿದು ಶಕ್ತಿ ಕೊಟ್ಟು, ಆ ಶಕ್ತಿ ಬೆಳಕಾಗಿ ಹಿಂದಿರುಗುವ ತತ್ವ ಎರಡಕ್ಕೂ ಸಮಾನ.

ಕ್ರೂಕ್ಸ್ ಕಂಡ ವಜ್ರ, ರಾಮನ್ ಕಂಡ ವಜ್ರ

ಜರ್ಮನಿಯ ಬಾನ್ ನಗರದಲ್ಲಿ ಯೂಲಿಯುಸ್ ಪ್ಲೂಕರ್ 1858ರ ಸುಮಾರಿಗೆ, ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ವಿದ್ಯುತ್ತು ಹಾಯಿಸಿದಾಗ ಕ್ಯಾಥೋಡಿನ ಬಳಿಯ ಗಾಜು ಹಸಿರಾಗಿ ಹೊಳೆಯುವುದನ್ನು ಗಮನಿಸಿದನು. ಯೂಗೆನ್ ಗೋಲ್ಡ್‌ಸ್ಟೈನ್ 1876ರಲ್ಲಿ ಇದಕ್ಕೆ ಕಾರಣವಾದ ಕಿರಣಗಳಿಗೆ ಕ್ಯಾಥೋಡ್ ಕಿರಣಗಳೆಂದು ಹೆಸರಿಟ್ಟನು. ಇಂಗ್ಲೆಂಡಿನ ವಿಲಿಯಂ ಕ್ರೂಕ್ಸ್ 1879ರ ಆಗಸ್ಟ್ ತಿಂಗಳಲ್ಲಿ ಶೆಫೀಲ್ಡ್ ನಗರದ ಸಾರ್ವಜನಿಕ ಉಪನ್ಯಾಸವೊಂದರಲ್ಲಿ ವಜ್ರ, ಮಾಣಿಕ್ಯ ಮೊದಲಾದ ರತ್ನಗಳನ್ನು ಈ ಕಿರಣಗಳ ಹಾದಿಯಲ್ಲಿಟ್ಟು, ಅವು ಬಗೆಬಗೆಯ ಬಣ್ಣದಲ್ಲಿ ಪ್ರಜ್ವಲಿಸುವುದನ್ನು ಸಭೆಗೆ ತೋರಿಸಿದನು. ಕಿರಣಗಳು ಋಣವಿದ್ಯುದಂಶದ ಕಣಗಳ ಪ್ರವಾಹವೆಂದು 1897ರಲ್ಲಿ ಜೆ. ಜೆ. ಥಾಮ್ಸನ್ ಸ್ಥಾಪಿಸಿದನು, ಅದೇ ವರ್ಷ ಫರ್ಡಿನಾಂಡ್ ಬ್ರೌನ್, ದೀಪ್ತಿವಸ್ತು ಬಳಿದ ಪರದೆಯ ಮೇಲೆ ಕಿರಣದ ಚುಕ್ಕೆಯನ್ನು ಅತ್ತಿತ್ತ ಚಲಿಸಬಲ್ಲ ನಳಿಗೆಯನ್ನು ರಚಿಸಿ, ಮುಂದಿನ ಎಲ್ಲ ಚಿತ್ರನಳಿಗೆಗಳಿಗೆ ಮೂಲಪುರುಷನಾದನು.

ಘನವಸ್ತುವಿನ ದೀಪ್ತಿಯ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಗಣ್ಯವಾದ ಸ್ಥಾನವಿದೆ. ಬೆಂಗಳೂರಿನಲ್ಲಿ, ಮೊದಲು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ 1948ರ ಬಳಿಕ ತಾವೇ ಕಟ್ಟಿದ ಸಂಶೋಧನಾ ಸಂಸ್ಥೆಯಲ್ಲಿಯೂ, ಸಿ. ವಿ. ರಾಮನ್ ಅವರು ವಜ್ರಗಳನ್ನು ದೀರ್ಘಕಾಲ ಪರೀಕ್ಷಿಸಿದರು. ಅವರು ಮುಖ್ಯವಾಗಿ ಬಳಸಿದ್ದು ನೇರಳಾತೀತ ಬೆಳಕನ್ನು. ಕೆಲವು ವಜ್ರಗಳು ನೀಲಿಯಾಗಿ, ಕೆಲವು ಹಸಿರು ಹಳದಿಯಾಗಿ ಬೆಳಗಿ, ಕೆಲವು ಬೆಳಗದೆಯೇ ಉಳಿಯುವುದನ್ನು ಅವರೂ ಅವರ ಶಿಷ್ಯರೂ ಸೂಕ್ಷ್ಮವಾಗಿ ವಿಂಗಡಿಸಿದರು. 1944ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ವಜ್ರದ ರಚನೆ ಮತ್ತು ಗುಣಗಳನ್ನು ಕುರಿತ ಲೇಖನಮಾಲೆಯೇ ಪ್ರಕಟವಾಯಿತು. ಈ ಬೆಳಕು ವಜ್ರದ ಸ್ಫಟಿಕರಚನೆಗೇ ಸಹಜವಾದದ್ದು ಎಂಬುದು ರಾಮನ್ ಅವರ ನಿಲುವಾಗಿತ್ತು. 1959ರಲ್ಲಿ ಕೈಸರ್ ಮತ್ತು ಬಾಂಡ್ ಎಂಬ ವಿಜ್ಞಾನಿಗಳು ಹೆಚ್ಚಿನ ವಜ್ರಗಳಲ್ಲಿ ಇಂಗಾಲದ ಜೊತೆಗೆ ಸಾರಜನಕವೂ ಬೆರೆತಿರುವುದನ್ನು ತೋರಿಸಿದ ಮೇಲೆ, ವಜ್ರದ ದೀಪ್ತಿಯ ಬಹುಭಾಗಕ್ಕೆ ಸಾರಜನಕದ ಪರಮಾಣುಗಳೂ ಅವುಗಳ ಪಕ್ಕದ ಖಾಲಿ ಸ್ಥಾನಗಳೂ ಕಾರಣವೆಂಬ ವಿವರಣೆ ನೆಲೆಗೊಂಡಿತು. ರಾಮನ್ ಅವರ ಸಿದ್ಧಾಂತ ನಿಲ್ಲಲಿಲ್ಲವಾದರೂ, ಒಂದೊಂದು ವಜ್ರದ ಬೆಳಕೂ ಬೇರೆಯಾಗಿರುವುದನ್ನು ಅಷ್ಟು ಎಚ್ಚರದಿಂದ ದಾಖಲಿಸಿದ ಕೆಲಸದ ಬೆಲೆ ಕುಂದಲಿಲ್ಲ. ಬೆರಕೆಯ ಪಾತ್ರವನ್ನು ಅರಿಯಲು ಅಂಥ ವಿಂಗಡಣೆಯೇ ಮೊದಲ ಹೆಜ್ಜೆಯಾಗಿತ್ತು.

ಪರದೆಯ ಬೆಳಕು

ವಿಜ್ಞಾನಿಗಳು ಪ್ರಕೃತಿಯಲ್ಲಿ ಕಂಡ ಬೆರಕೆಯನ್ನು ಕೈಗಾರಿಕೆ ಬುದ್ಧಿಪೂರ್ವಕವಾಗಿ ಬಳಸಿಕೊಂಡಿತು. ಬಣ್ಣದ ಟಿ.ವಿ. ನಳಿಗೆಯಲ್ಲಿ ನೀಲಿಗೆ ಬೆಳ್ಳಿಯ ಲೇಶ ಬೆರೆಸಿದ ಸತುವಿನ ಸಲ್ಫೈಡ್, ಹಸಿರಿಗೆ ತಾಮ್ರ ಮತ್ತು ಅಲ್ಯೂಮಿನಿಯಂ ಬೆರೆಸಿದ ಅದೇ ಸಲ್ಫೈಡ್, ಕೆಂಪಿಗೆ ಯೂರೋಪಿಯಂ ಎಂಬ ವಿರಳ ಭಸ್ಮ ಧಾತುವನ್ನು ಬೆರೆಸಿದ ಇಟ್ರಿಯಂ ಸಂಯುಕ್ತ ಬಳಕೆಯಲ್ಲಿದ್ದವು. ಮೂಲವಸ್ತು ಒಂದೇ ಆದರೂ ಚಿಟಿಕೆಯ ಬೆರಕೆ ಬದಲಾದೊಡನೆ ನೀಲಿ ಹಸಿರಾಗುತ್ತದೆಂಬುದು ಈ ಉಪನ್ಯಾಸದ ಪ್ರತಿಪಾದನೆಗೆ ಕಾರ್ಖಾನೆಯೇ ಒದಗಿಸಿದ ಪ್ರಮಾಣ.

1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಜಾಲಹಳ್ಳಿಯಲ್ಲಿ ರೇಡಿಯೋ ವಾಲ್ವುಗಳನ್ನೂ ಮುಂದೆ ಕಪ್ಪುಬಿಳುಪು ಟಿ.ವಿ.ಯ ಚಿತ್ರನಳಿಗೆಗಳನ್ನೂ ತಯಾರಿಸಿತು. ಅಥಣಿಗೆ ಹೊಂದಿಕೊಂಡಿರುವ ಅಂದಿನ ಬಿಜಾಪುರ ಜಿಲ್ಲೆಯೂ ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳೂ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗದಲ್ಲಿ, ಅಂದರೆ ‘ಸೈಟ್’ ಯೋಜನೆಯಲ್ಲಿ, ಸೇರಿದ್ದವು. ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಜಾಲರಿಯ ಆಂಟೆನಾ ನಿಲ್ಲಿಸಿ, ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ ಪಡೆದ ಆ ಯೋಜನೆಯಿಂದಾಗಿ, ಬೆಂಗಳೂರಿನಲ್ಲಿ 1981ರ ನವೆಂಬರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾಗುವುದಕ್ಕೆ ಆರು ವರ್ಷ ಮೊದಲೇ ಉತ್ತರ ಕರ್ನಾಟಕದ ಹಳ್ಳಿಯ ಜನ ಸಾಮೂಹಿಕ ಪರದೆಯ ಮುಂದೆ ಕುಳಿತು ಕನ್ನಡ ಕಾರ್ಯಕ್ರಮ ನೋಡಿದರು. ರೈತನಿಗೆ ಬೇಸಾಯವನ್ನೂ ಮಕ್ಕಳಿಗೆ ಪಾಠವನ್ನೂ ತಲುಪಿಸಿದ ಆ ಬೆಳಕು, ನೀಲಿ ಸೂಸುವ ಪುಡಿ ಮತ್ತು ಹಳದಿ ಸೂಸುವ ಪುಡಿ ಬೆರೆತ ಲೇಪದ ಮೇಲೆ ಇಲೆಕ್ಟ್ರಾನು ಕಿರಣ ಸೆಕೆಂಡಿಗೆ 25 ಪೂರ್ಣ ಚಿತ್ರಗಳಂತೆ, ಒಂದೊಂದು ಚಿತ್ರಕ್ಕೆ 625 ಗೆರೆಗಳಂತೆ ಓಡಾಡಿದ್ದರಿಂದ ಹುಟ್ಟಿದ್ದು.

ಬೆಂಗಳೂರನ್ನೂ ಪುಣೆಯನ್ನೂ ಜೋಡಿಸುವ ರಾಷ್ಟ್ರೀಯ ಹೆದ್ದಾರಿ 48 ನಿಪ್ಪಾಣಿಯ ಮೂಲಕ ಹಾದುಹೋಗುತ್ತದೆ. ಅದರ ಒಂದು ತುದಿಯಲ್ಲಿ ಚಿತ್ರನಳಿಗೆಯ ಯುಗ ಮುಗಿದಿದ್ದರೆ, ಪುಣೆಯಲ್ಲಿರುವ ಅದೇ ಭಾರತ್ ಎಲೆಕ್ಟ್ರಾನಿಕ್ಸ್‌ನ ಅಂಗಸಂಸ್ಥೆ ಸೈನಿಕರ ಇರುಳುನೋಟದ ಉಪಕರಣಗಳಿಗೆ ಬೇಕಾದ ಬಿಂಬವರ್ಧಕ ನಳಿಗೆಗಳನ್ನು ತಯಾರಿಸಿಕೊಂಡು ಬಂದಿದೆ. ನಕ್ಷತ್ರದ ಮಸಕು ಬೆಳಕಿನಿಂದ ಹೊರಬಿದ್ದ ಬೆರಳೆಣಿಕೆಯ ಇಲೆಕ್ಟ್ರಾನುಗಳನ್ನು ಸಾವಿರಾರು ಪಟ್ಟು ಹೆಚ್ಚಿಸಿ ದೀಪ್ತಿಪರದೆಗೆ ಬಡಿಸಿದಾಗ ಕಾಣುವ ಹಸಿರು ಚಿತ್ರವೂ ಕ್ಯಾಥೋಡ್ ದೀಪ್ತಿಯೇ.

ಕರಿಕಲ್ಲು ಮತ್ತು ಬಿಳಿ ಹರಳು

ಖನಿಜಗಳ ಅಧ್ಯಯನದಲ್ಲಿ ಈ ವಿಧಾನ ನೆಲೆಯೂರಿದ್ದು 1965ರ ಸುಮಾರಿನಿಂದ. ಅದೇ ವರ್ಷ ಸಿಪೆಲ್ ಮತ್ತು ಗ್ಲೋವರ್ ಸುಣ್ಣಕಲ್ಲಿನ ಒಳರಚನೆಯನ್ನೂ, ಲಾಂಗ್ ಮತ್ತು ಅಗ್ರೆಲ್ ಶಿಲೆಯ ತೆಳುಬಿಲ್ಲೆಗಳಲ್ಲಿನ ವಿವಿಧ ಖನಿಜಗಳನ್ನೂ ಇಲೆಕ್ಟ್ರಾನು ಕಿರಣದಲ್ಲಿ ಪರೀಕ್ಷಿಸಿದ ಲೇಖನಗಳು ಪ್ರಕಟವಾದವು. ತೆಳುಬಿಲ್ಲೆಯೆಂದರೆ ಕಲ್ಲನ್ನು ಗಾಜಿನ ಪಟ್ಟಿಗೆ ಅಂಟಿಸಿ, 0.03 ಮಿಲಿಮೀಟರ್ ದಪ್ಪಕ್ಕೆ ಅರೆದು, ಮೇಲ್ಮೈಗೆ ಹೊಳಪು ಕೊಟ್ಟು ಮಾಡಿದ ತುಣುಕು. ಸಾಧಾರಣ ಸೂಕ್ಷ್ಮದರ್ಶಕದ ಪೀಠದ ಮೇಲೆ ಕೂಡಿಸಬಹುದಾದ ಚಿಕ್ಕ ನಿರ್ವಾತ ಪೆಟ್ಟಿಗೆ, ಗಾಳಿ ತೆಗೆಯುವ ಪಂಪು, ಹತ್ತು ಹದಿನೈದು ಸಾವಿರ ವೋಲ್ಟಿನ ವಿದ್ಯುತ್ ಮೂಲ, ಮಂದ ಬೆಳಕನ್ನು ಹಿಡಿಯಬಲ್ಲ ಕ್ಯಾಮೆರಾ ಇದ್ದರೆ ಈ ಪರೀಕ್ಷೆ ಸಾಧ್ಯ.

ಮೇಲೆ ಹೆಸರಿಸಿದ ಐದು ತಾಲ್ಲೂಕುಗಳ ನೆಲದ ಬಹುಭಾಗ ದಖನ್ ಬಸಾಲ್ಟಿನದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಒಂದರ ಮೇಲೊಂದು ಹರಿದು ಹೆಪ್ಪುಗಟ್ಟಿದ ಲಾವಾ ಇಂದಿಗೂ ಪಶ್ಚಿಮ ಮತ್ತು ಮಧ್ಯ ಭಾರತದ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಆವರಿಸಿದ್ದು, ಅದರ ದಕ್ಷಿಣದ ಅಂಚು ಬೆಳಗಾವಿ ಜಿಲ್ಲೆಯಲ್ಲಿ ಹಾಯುತ್ತದೆ. ಗೋಡೆಗೂ ಬಾವಿಗೂ ಬಳಸುವ ಕರಿಕಲ್ಲು, ಕಬ್ಬು ಬೆಳೆಯುವ ಎರೆಮಣ್ಣು, ಎರಡೂ ಈ ಲಾವಾದ ಕೊಡುಗೆ. ಕಬ್ಬಿಣ ಹೇರಳವಾಗಿರುವ ಈ ಶಿಲೆಯ ತೆಳುಬಿಲ್ಲೆಯನ್ನು ಇಲೆಕ್ಟ್ರಾನು ಕಿರಣದ ಅಡಿಯಲ್ಲಿಟ್ಟರೆ, ಪೈರಾಕ್ಸೀನ್ ಮತ್ತು ಮ್ಯಾಗ್ನೆಟೈಟ್ ಖನಿಜಗಳು ಪೂರ್ತಿ ಕಪ್ಪಾಗಿ ಉಳಿಯುತ್ತವೆ. ಪ್ಲಾಜಿಯೋಕ್ಲೇಸ್ ಫೆಲ್ಡ್‌ಸ್ಪಾರಿನ ಕಡ್ಡಿಯಂಥ ಹರಳುಗಳು ಮಾತ್ರ, ಅವುಗಳಲ್ಲಿರುವ ಮ್ಯಾಂಗನೀಸಿನ ಲೇಶದಿಂದಾಗಿ, ಮಸಕು ಹಸಿರು ಹಳದಿಯಲ್ಲಿ ತೋರಬಲ್ಲವು.

ಆದರೆ ಕರಿಕಲ್ಲಿನೊಳಗೆ ಬಿಳಿಯದೂ ಇದೆ. ಲಾವಾ ತಣ್ಣಗಾಗುವಾಗ ಅನಿಲದ ಗುಳ್ಳೆಗಳು ಬಿಟ್ಟುಹೋದ ಪೊಟರೆಗಳಲ್ಲಿ ಆಮೇಲೆ ಇಳಿದ ನೀರು ಜಿಯೋಲೈಟ್, ಬೆಣಚಿನ ಜಾತಿಯ ಹರಳು ಮತ್ತು ಕ್ಯಾಲ್ಸೈಟುಗಳನ್ನು ತುಂಬಿದೆ. ಕ್ಯಾಲ್ಸೈಟ್ ಎಂದರೆ ಸ್ಫಟಿಕರೂಪದ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣಕಲ್ಲಿನ ಮುಖ್ಯ ಖನಿಜ. ಬಿಳಿ ಹರಳಿನಿಂದ ತುಂಬಿದ ಅಂಥ ಪೊಟರೆಯೊಂದರ ತೆಳುಬಿಲ್ಲೆ ದೀಪದ ಬೆಳಕಿನಲ್ಲಿ ಅಂಚಿನಿಂದ ನಡುವಿನವರೆಗೆ ಒಂದೇ ಸಮನಾಗಿ, ನಿರ್ಮಲವಾಗಿ ಕಾಣಬಹುದು. ದೀಪ ಆರಿಸಿ ಕಿರಣ ಹಾಯಿಸಿದಾಗ ಅದೇ ಹರಳು ಪದರ ಪದರವಾಗಿ ಒಡೆದು ತೋರಬಲ್ಲದು: ಗೋಡೆಗೆ ಅಂಟಿದಂತೆ ಬೆಳಗದ ಕಪ್ಪು ಪದರ, ಅದರ ಮೇಲೆ ಹರಳಿನ ಮೂಲೆ ಮೊನೆಗಳನ್ನು ಅನುಸರಿಸಿ ಮಡಿಚಿಕೊಂಡ ಉಜ್ವಲ ಕಿತ್ತಳೆಯ ಗೆರೆ, ಅದರ ಒಳಗೆ ಮಂಕು ಕಂದು ಕೆಂಪು.

ಈ ಪದರಗಳ ಕ್ರಮ ನೀರಿನ ರಸಾಯನವನ್ನು ಹೇಳುತ್ತದೆ. ಆಮ್ಲಜನಕ ತುಂಬಿದ ನೀರಿನಲ್ಲಿ ಮ್ಯಾಂಗನೀಸೂ ಕಬ್ಬಿಣವೂ ಉತ್ಕರ್ಷಣಗೊಂಡು ಹೊರಗೇ ಉಳಿಯುವುದರಿಂದ ಅಲ್ಲಿ ಬೆಳೆದ ಕ್ಯಾಲ್ಸೈಟ್ ಬೆಳಗುವುದಿಲ್ಲ. ಆಮ್ಲಜನಕ ಕಡಿಮೆಯಾದಾಗ ಮೊದಲು ಮ್ಯಾಂಗನೀಸ್ ಕರಗಿದ ರೂಪಕ್ಕೆ ಬಂದು ಹರಳಿನಲ್ಲಿ ಕ್ಯಾಲ್ಸಿಯಮ್ಮಿನ ಸ್ಥಾನವನ್ನು ಹಿಡಿಯುತ್ತದೆ. ಹತ್ತು ಲಕ್ಷದಲ್ಲಿ ಕೆಲವು ಹತ್ತರಷ್ಟಿದ್ದರೂ ಅದು 610–620 ನ್ಯಾನೊಮೀಟರ್ ತರಂಗಾಂತರದ ಕಿತ್ತಳೆ ಬೆಳಕನ್ನು ಸೂಸುವುದಕ್ಕೆ ಸಾಕು. ಆಮ್ಲಜನಕ ಇನ್ನೂ ಕುಗ್ಗಿದರೆ ಕಬ್ಬಿಣವೂ ಒಳಸೇರಿ ಆ ಬೆಳಕನ್ನು ಕುಂದಿಸುತ್ತದೆ. ಕಪ್ಪು, ಉಜ್ವಲ, ಮಂಕು ಎಂಬ ಈ ಅನುಕ್ರಮವನ್ನು ಜಗತ್ತಿನ ಅನೇಕ ಸುಣ್ಣಕಲ್ಲುಗಳಲ್ಲಿ ಗುರುತಿಸಲಾಗಿದೆ. ಮಳೆಯ ನೆರಳಿನಲ್ಲಿ ಬಿದ್ದು ಬೋರ್‌ವೆಲ್ಲುಗಳನ್ನೇ ನಂಬಿಕೊಂಡ ಅಥಣಿ, ರಾಯಬಾಗದ ಒಣಭಾಗಗಳಲ್ಲಿ, ಕರಿಕಲ್ಲಿನ ಬಿರುಕುಗಳಲ್ಲಿ ನೀರು ಹೇಗೆ ಇಳಿಯಿತು, ಎಲ್ಲಿ ತಂಗಿತು ಎಂಬುದು ಜೀವನ್ಮರಣದ ಪ್ರಶ್ನೆ. ಬಿರುಕುಗಳ ಗೋಡೆಗೆ ಕಚ್ಚಿಕೊಂಡ ಕ್ಯಾಲ್ಸೈಟೂ ಎರೆಮಣ್ಣಿನಲ್ಲಿ ಬೆಳೆಯುವ ಸುಣ್ಣದ ಹರಳುಗಳೂ ಹಳೆಯ ನೀರಿನ ಲಿಖಿತ ದಾಖಲೆಗಳೆಂದೇ ಎಣಿಸತಕ್ಕವು, ಮತ್ತು ಅವನ್ನು ಓದುವ ಒಂದು ಒಳ್ಳೆಯ ಬೆಳಕು ಕ್ಯಾಥೋಡ್ ದೀಪ್ತಿ.

ಮರಳುಗಲ್ಲು ಮತ್ತು ಜಿರ್ಕಾನ್

ರಾಯಬಾಗದಿಂದ ಗೋಕಾಕದ ಕಡೆಗೆ ಸಾಗಿದಾಗ ಕರಿಕಲ್ಲು ಸರಿದು, ಅದಕ್ಕಿಂತ ಬಹಳ ಹಳೆಯದಾದ, ಸುಮಾರು ನೂರು ಕೋಟಿ ವರ್ಷ ಮತ್ತು ಅದಕ್ಕೂ ಹಿಂದಿನ ಕಲಾದಗಿ ಶಿಲಾಸಮೂಹದ ಮರಳುಗಲ್ಲುಗಳು ತಲೆಯೆತ್ತುತ್ತವೆ. ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವುದು ಅಂಥ ಬಂಡೆಯ ಮೇಲಿಂದಲೇ. ಮರಳುಗಲ್ಲಿನಲ್ಲಿ ಬೆಣಚಿನ ಕಣಗಳನ್ನು ಅಂಟಿಸಿರುವುದೂ ಅನೇಕ ವೇಳೆ ಬೆಣಚೇ ಆಗಿರುವುದರಿಂದ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಣವೆಲ್ಲಿ ಮುಗಿದು ಅಂಟೆಲ್ಲಿ ಮೊದಲಾಯಿತೆಂದು ತಿಳಿಯುವುದು ಕಷ್ಟ. 1968ರಲ್ಲಿ ಸಿಪೆಲ್ ತೋರಿಸಿದಂತೆ, ಇಲೆಕ್ಟ್ರಾನು ಕಿರಣದಲ್ಲಿ ಮೂಲ ಕಣ ಬೆಳಗಿ, ಕಡಿಮೆ ಉಷ್ಣತೆಯಲ್ಲಿ ನಂತರ ಬೆಳೆದ ಅಂಟು ಬಹುಮಟ್ಟಿಗೆ ಕಪ್ಪಾಗಿ ಉಳಿಯುತ್ತದೆ. 1978ರಲ್ಲಿ ಟ್ಸಿಂಕರ್ನಾಗೆಲ್ ನೀಡಿದ ವರ್ಗೀಕರಣದ ಪ್ರಕಾರ ಅಗ್ನಿಶಿಲೆಯ ಬೆಣಚು ನೀಲಿ ನೇರಳೆಯತ್ತ, ರೂಪಾಂತರ ಶಿಲೆಯ ಬೆಣಚು ಕಂದು ಬಣ್ಣದತ್ತ ವಾಲುತ್ತದೆ; ಹಾಗಾಗಿ ಮರಳು ಯಾವ ಬಗೆಯ ಬೆಟ್ಟ ಕರಗಿ ಬಂದದ್ದೆಂದು ಊಹಿಸಲು ಒಂದು ಸುಳಿವು ದೊರೆಯುತ್ತದೆ.

ಇನ್ನೂ ದಕ್ಷಿಣಕ್ಕೆ ಹೋದರೆ ಧಾರವಾಡದ ಹೆಸರಿನಿಂದಲೇ ಜಗತ್ತಿನ ಭೂವಿಜ್ಞಾನಿಗಳು ಗುರುತಿಸುವ ಪ್ರಾಚೀನ ಭೂಖಂಡವಿದೆ. ಅದರ ನೈಸ್ ಮತ್ತು ಗ್ರಾನೈಟುಗಳ ವಯಸ್ಸನ್ನು ಜಿರ್ಕಾನ್ ಎಂಬ ಗಟ್ಟಿ ಖನಿಜದ ಯುರೇನಿಯಂ ಮತ್ತು ಸೀಸದ ಪ್ರಮಾಣದಿಂದ ಲೆಕ್ಕ ಹಾಕುತ್ತಾರೆ. ಕೂದಲೆಳೆಯಷ್ಟು ದಪ್ಪದ ಆ ಹರಳಿನಲ್ಲಿ ಮುನ್ನೂರು ಕೋಟಿ ವರ್ಷ ಹಳೆಯ ತಿರುಳೂ ಅದರ ಸುತ್ತ ತಡವಾಗಿ ಬೆಳೆದ ಅಂಚೂ ಒಟ್ಟಿಗಿರಬಹುದಾದ್ದರಿಂದ, ಎರಡನ್ನೂ ಕಲೆಸಿ ಅಳೆದರೆ ಯಾವುದಕ್ಕೂ ಹೊಂದದ ವಯಸ್ಸು ಬರುತ್ತದೆ. ಹರಳಿನ ಕ್ಯಾಥೋಡ್ ದೀಪ್ತಿಯ ಚಿತ್ರ ತೆಗೆದು, ಮರದ ಉಂಗುರಗಳಂತೆ ತೋರುವ ವಲಯಗಳನ್ನು ಗುರುತಿಸಿ, ಆಮೇಲೆ ಅಳತೆಯ ಚುಕ್ಕೆಯನ್ನು ಆರಿಸುವುದು ಇಂದು ವಾಡಿಕೆಯ ಕ್ರಮವಾಗಿದೆ.

ಎಚ್ಚರದ ಓದು

ಬೆಳಕಿನ ಬಣ್ಣವೊಂದನ್ನೇ ನೋಡಿ ತೀರ್ಮಾನಕ್ಕೆ ಬರುವುದು ಅಪಾಯಕರ. ಕ್ಯಾಲ್ಸೈಟಿನ ಕಿತ್ತಳೆಯ ಹೊಳಪು ಮ್ಯಾಂಗನೀಸಿನ ಪ್ರಮಾಣವನ್ನಷ್ಟೇ ಅವಲಂಬಿಸದೆ ಕಬ್ಬಿಣದ ಜೊತೆಗಿನ ಅನುಪಾತವನ್ನೂ ಹರಳು ಬೆಳೆದ ವೇಗವನ್ನೂ ಅವಲಂಬಿಸಿದೆ. ಕೆಲವು ಬೆಣಚುಗಳ ನೀಲಿ ಬೆಳಕು ಕಿರಣದ ಬಡಿತಕ್ಕೆ ಕೆಲವೇ ನಿಮಿಷಗಳಲ್ಲಿ ಬಣ್ಣಗೆಡುತ್ತದೆ, ಏಕೆಂದರೆ ನೋಡುವ ಕ್ರಿಯೆಯೇ ಹರಳಿನ ಲೋಪಗಳನ್ನು ಮಾರ್ಪಡಿಸುತ್ತಿರುತ್ತದೆ. ಆದ್ದರಿಂದ ರೋಹಿತವನ್ನು, ಎಂದರೆ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿದ ಪಟ್ಟಿಯನ್ನು, ದಾಖಲಿಸಿಕೊಳ್ಳುವುದೂ ಅದೇ ಬಿಂದುವಿನ ರಾಸಾಯನಿಕ ವಿಶ್ಲೇಷಣೆ ನಡೆಸುವುದೂ ಅವಶ್ಯ. ಸಾವಿರಾರು ವೋಲ್ಟಿನ ಇಲೆಕ್ಟ್ರಾನುಗಳು ಬಡಿದಲ್ಲಿ ಕ್ಷ-ಕಿರಣಗಳೂ ಹುಟ್ಟುವುದರಿಂದ ಸೀಸ ಬೆರೆತ ಗಾಜಿನ ಕಿಟಕಿ ಮತ್ತು ವಿಕಿರಣದ ತಪಾಸಣೆ ಪ್ರಯೋಗಾಲಯದ ಶಿಸ್ತಿನ ಭಾಗವಾಗಿರಬೇಕು.

ಇಷ್ಟು ಎಚ್ಚರದಿಂದ ನಡೆಸಿದರೆ ಈ ವಿಧಾನ ಕಾಲೇಜು ಮಟ್ಟದ ಅಧ್ಯಯನದ ಕೈಗೆಟುಕದ ಸಂಗತಿಯಲ್ಲ. ದೊಡ್ಡ ವಿಶ್ವವಿದ್ಯಾಲಯಗಳ ಇಲೆಕ್ಟ್ರಾನು ಸೂಕ್ಷ್ಮದರ್ಶಕಗಳಿಗೆ ಮಾದರಿಗಳನ್ನು ಕಳುಹಿಸುವ ಮೊದಲು ಆಗಬೇಕಾದ ಕೆಲಸವೇ ಹೆಚ್ಚಿನದು: ಬಾವಿ ತೋಡಿದಾಗ ಮೇಲೆ ಬಂದ ಕಲ್ಲನ್ನು ಊರು, ಆಳ, ಪದರಗಳ ವಿವರದೊಂದಿಗೆ ಗುರುತು ಹಾಕಿ ಇಟ್ಟುಕೊಳ್ಳುವುದು, ಬಿಳಿ ಹರಳು ಸಿಕ್ಕ ಪೊಟರೆಯ ಚಿತ್ರ ಬರೆಯುವುದು, ಬಿಲ್ಲೆ ಅರೆಯಲು ಕಲಿಯುವುದು. ಕಲ್ಲುಗಣಿಯಲ್ಲಿ ಒಡೆದು ರಸ್ತೆಗೆ ಸುರಿದ ಮೇಲೆ ಅದರ ದಾಖಲೆ ಮತ್ತೆ ಸಿಗುವಂತಿಲ್ಲ.

ಕ್ರೂಕ್ಸ್ ಬೆಳಗಿಸಿದ ವಜ್ರದಿಂದ ಹಿಡಿದು ಟಿ.ವಿ.ಯ ಪರದೆಯವರೆಗೆ, ಅಲ್ಲಿಂದ ಬಸಾಲ್ಟಿನ ಪೊಟರೆಯವರೆಗೆ ಕಂಡುಬರುವ ನಿಯಮ ಒಂದೇ: ವಸ್ತುವಿನ ಪ್ರಧಾನ ಅಂಶ ಅದು ಏನೆಂಬುದನ್ನು ಹೇಳಿದರೆ, ಅದರಲ್ಲಿ ಲೇಶವಾಗಿ ಬೆರೆತದ್ದು ಅದು ಎಲ್ಲಿಂದ, ಯಾವ ನೀರಿನ, ಯಾವ ಉಷ್ಣತೆಯ ಮೂಲಕ ಬಂದಿತೆಂಬುದನ್ನು ಹೇಳುತ್ತದೆ. ಕೃಷ್ಣೆ, ದೂಧಗಂಗಾ, ವೇದಗಂಗಾ ಹರಿಯುವ ಈ ಸೀಮೆಯ ವಿದ್ಯಾರ್ಥಿಗಳು ತಮ್ಮ ಹೊಲದ ಬದುವಿನಲ್ಲೇ ಬಿದ್ದಿರುವ ಕಲ್ಲಿನಿಂದ ಈ ನಿಯಮವನ್ನು ಕಲಿತು, ತಮ್ಮ ನೆಲದ ನೀರಿನ ಚರಿತ್ರೆಯನ್ನು ತಾವೇ ಬರೆಯುವಂತಾದರೆ ಭೌತವಿಜ್ಞಾನಕ್ಕೂ ಭೂವಿಜ್ಞಾನಕ್ಕೂ ಬೇಸಾಯಕ್ಕೂ ಒಂದೇ ಕೆಲಸದಿಂದ ಉಪಕಾರವಾಗುತ್ತದೆ. ಅಂಥ ಅಧ್ಯಯನಕ್ಕೆ ಬೇಕಾದ ಉಪಕರಣವನ್ನೂ ತರಬೇತಿಯನ್ನೂ ಒದಗಿಸುವುದು ಈ ಭಾಗದ ವಿದ್ಯಾಸಂಸ್ಥೆಗಳು ಆದ್ಯತೆಯಿಂದ ಕೈಗೊಳ್ಳತಕ್ಕ ಕರ್ತವ್ಯ.